ಪದ ಬದಲಾದ ಜಾಗದಿಂದ ಓದಲು ಶುರುಮಾಡಿ: ಹೈಸ್ಕೂಲಿನ ಮೇಲ್ದರ್ಜೆ ಇಂಗ್ಲಿಷ್ ತರಗತಿಗೆ ರೊಮ್ಯಾಂಟಿಕ್ ಸಾಹಿತ್ಯದ ಸಮಗ್ರ ಮಾರ್ಗದರ್ಶಿ

ಅಮೆರಿಕದ ಹೈಸ್ಕೂಲಿನಲ್ಲಿ ಎಪಿ (ಕಾಲೇಜು ಮಟ್ಟದ) ಇಂಗ್ಲಿಷ್ ಲಿಟರೇಚರ್ ತೆಗೆದುಕೊಂಡ ಕನ್ನಡ ಮನೆಯ ಮಕ್ಕಳಿಗೂ ಬೆಂಗಳೂರಿನಲ್ಲಿ ಐಬಿ ಎಂಬ ಅಂತರರಾಷ್ಟ್ರೀಯ ಪಠ್ಯಕ್ರಮ ಓದುವ ಮಕ್ಕಳಿಗೂ ವರ್ಷದ ಯಾವುದೋ ತಿಂಗಳಲ್ಲಿ ವರ್ಡ್ಸ್‌ವರ್ತ್, ಬ್ಲೇಕ್, ಕೀಟ್ಸ್ ಎದುರಾಗುತ್ತಾರೆ. ಅವರೊಂದಿಗೆ ಒಂದು ಪಟ್ಟಿಯೂ ಬರುತ್ತದೆ: ನಿಸರ್ಗಪ್ರೇಮ, ಕಲ್ಪನೆ, ಭಾವನೆ, ವ್ಯಕ್ತಿಸ್ವಾತಂತ್ರ್ಯ, ಬಾಲ್ಯ. ಮಕ್ಕಳು ಆ ಪಟ್ಟಿಯನ್ನು ಬಾಯಿಪಾಠ ಮಾಡಿ ಸಿಕ್ಕ ಪ್ರತಿ ಕವಿತೆಗೂ ಅಂಟಿಸುತ್ತಾರೆ. ‘ಈ ಕವಿತೆಯಲ್ಲಿ ಕವಿ ನಿಸರ್ಗದ ಸೌಂದರ್ಯವನ್ನು ವರ್ಣಿಸಿದ್ದಾನೆ’ ಎಂಬ ವಾಕ್ಯವನ್ನು ನಾನು ಎಷ್ಟೋ ಪ್ರಬಂಧಗಳಲ್ಲಿ ಓದಿದ್ದೇನೆ. ಕವಿತೆಯನ್ನು ಓದದೆಯೂ ಆ ವಾಕ್ಯ ಬರೆಯಬಹುದು ಎಂಬುದೇ ನನ್ನ ಚಿಂತೆ.

ಇಲ್ಲಿ ನಾನು ಬೇರೊಂದು ದಾರಿ ಹೇಳುತ್ತೇನೆ. ಈ ಕವಿತೆಗಳು ಎದೆಯಿಂದ ಉಕ್ಕಿ ಹಾಳೆಯ ಮೇಲೆ ಬಿದ್ದವಲ್ಲ. ಬರೆದು, ಹೊಡೆದುಹಾಕಿ, ಮತ್ತೆ ಬರೆದು ಕಟ್ಟಿದವು. ಕವಿ ಒಂದು ಪದ ತೆಗೆದು ಇನ್ನೊಂದು ಇಟ್ಟ ಜಾಗ ಗೊತ್ತಿದ್ದರೆ ಕವಿತೆಯ ಬಾಗಿಲು ಅಲ್ಲಿಯೇ ತೆರೆಯುತ್ತದೆ. ಅದೃಷ್ಟಕ್ಕೆ ಈ ಕಾಲದ ಹಸ್ತಪ್ರತಿಗಳು, ದಿನಚರಿಗಳು, ಪತ್ರಗಳು ಬಹಳಷ್ಟು ಉಳಿದುಕೊಂಡಿವೆ.

ಮೊದಲ ಹಂತ: ಒಂದು ಪುಟದ ಕಾಲರೇಖೆ

ಎರಡು ಸಂಜೆಗಿಂತ ಹೆಚ್ಚು ಸಮಯ ಇದಕ್ಕೆ ಕೊಡಬೇಡಿ. ಒಂದು ಹಾಳೆಯ ಎಡಕ್ಕೆ ಹೊರಗಿನ ಘಟನೆಗಳು, ಬಲಕ್ಕೆ ಕೃತಿಗಳು. ಎಡಗಡೆ: 1789ರ ಫ್ರೆಂಚ್ ಕ್ರಾಂತಿ, 1793ರಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ನಡುವೆ ಯುದ್ಧ, 1807ರಲ್ಲಿ ಗುಲಾಮರ ವ್ಯಾಪಾರಕ್ಕೆ ಬ್ರಿಟನ್ನಿನ ನಿಷೇಧ, 1815ರ ಏಪ್ರಿಲ್‌ನಲ್ಲಿ ಇಂಡೊನೇಷ್ಯಾದ ತಂಬೋರಾ ಜ್ವಾಲಾಮುಖಿಯ ಸ್ಫೋಟ, ಅದೇ ಜೂನ್‌ನಲ್ಲಿ ವಾಟರ್‌ಲೂ, 1819ರ ಆಗಸ್ಟ್ 16ರಂದು ಮ್ಯಾಂಚೆಸ್ಟರಿನಲ್ಲಿ ಶಾಂತವಾಗಿ ಸೇರಿದ್ದ ಜನರ ಮೇಲೆ ಕುದುರೆ ಸವಾರರು ನುಗ್ಗಿದ ಪೀಟರ್‌ಲೂ, 1832ರ ಸುಧಾರಣಾ ಕಾಯಿದೆ. ಬಲಗಡೆ: 1789 ಮತ್ತು 1794ರಲ್ಲಿ ಬ್ಲೇಕ್‌ನ ಹಾಡುಗಳು, 1798ರಲ್ಲಿ ವರ್ಡ್ಸ್‌ವರ್ತ್ ಮತ್ತು ಕೋಲ್ರಿಜ್ ಹೆಸರು ಹಾಕದೆ ತಂದ ‘ಲಿರಿಕಲ್ ಬ್ಯಾಲಡ್ಸ್’, 1818ರ ‘ಫ್ರಾಂಕೆನ್‌ಸ್ಟೈನ್’, 1819ರ ಕೀಟ್ಸ್ ಪ್ರಗಾಥಗಳು (ಓಡ್‌ಗಳು). ಕೆಳಗೆ ಮೂರು ಸಾವುಗಳನ್ನು ಬರೆದುಕೊಳ್ಳಿ: ಕೀಟ್ಸ್ 1821ರಲ್ಲಿ 25ನೇ ವಯಸ್ಸಿಗೆ ರೋಮ್‌ನಲ್ಲಿ, ಶೆಲ್ಲಿ 1822ರಲ್ಲಿ 29ನೇ ವಯಸ್ಸಿಗೆ ಇಟಲಿಯ ಕಡಲಲ್ಲಿ, ಬೈರನ್ 1824ರಲ್ಲಿ 36ನೇ ವಯಸ್ಸಿಗೆ ಗ್ರೀಸಿನ ಮಿಸೊಲೊಂಗಿಯಲ್ಲಿ.

ಈ ಕವಿಗಳು ತಮ್ಮನ್ನು ರೊಮ್ಯಾಂಟಿಕರು ಎಂದು ಕರೆದುಕೊಳ್ಳಲಿಲ್ಲ, ಆ ಹಣೆಪಟ್ಟಿ ನಂತರ ಬಂದದ್ದು. ಕನ್ನಡದಲ್ಲಿ ನಾವು ‘ರಮ್ಯ’ ಎನ್ನುತ್ತೇವೆ, ಆಗ ಕಣ್ಣಿಗೆ ಹಿತವಾದದ್ದು ಎಂಬ ಅರ್ಥ ತಾನಾಗಿ ಸೇರಿಕೊಳ್ಳುತ್ತದೆ. ಬ್ಲೇಕ್‌ನ ಲಂಡನ್ನಿನಲ್ಲಿ ಹಿತವಾದದ್ದು ಏನೂ ಇಲ್ಲ. ಹಾಗಾಗಿ ಓದುವಾಗ ‘ರೊಮ್ಯಾಂಟಿಕ್’ ಎಂಬುದನ್ನು ಗುಣದ ಹೆಸರಾಗಿ ಅಲ್ಲ, ಕಾಲದ ಹೆಸರಾಗಿ ಇಟ್ಟುಕೊಳ್ಳಿ.

ಎರಡನೆಯ ಹಂತ: ಕಡಿಮೆ ಆರಿಸಿ, ಹಲವು ಬಾರಿ ಓದಿ

ಆರು ಕವಿತೆ, ಒಂದು ಕಾದಂಬರಿ ಸಾಕು. ನನ್ನ ಆಯ್ಕೆ ಹೀಗೆ: ಬ್ಲೇಕ್‌ನ ‘ಲಂಡನ್’, ವರ್ಡ್ಸ್‌ವರ್ತ್‌ನ ಡ್ಯಾಫೊಡಿಲ್ ಎಂಬ ಹಳದಿ ಹೂವಿನ ಕವಿತೆ ಮತ್ತು ‘ಟಿಂಟರ್ನ್ ಅ್ಯಬಿ’, ಶೆಲ್ಲಿಯ ‘ಓಝಿಮ್ಯಾಂಡಿಯಸ್’, ಕೀಟ್ಸ್‌ನ ‘ಟು ಆಟಮ್’, ಆರನೆಯದಾಗಿ ಷಾರ್ಲಟ್ ಸ್ಮಿತ್‌ಳ ಒಂದು ಸಾನೆಟ್. ಸ್ಮಿತ್‌ಳನ್ನು ಬಿಡಬೇಡಿ. ಅವಳ ‘ಎಲಿಜಿಯಾಕ್ ಸಾನೆಟ್ಸ್’ 1784ರಲ್ಲಿಯೇ ಬಂದಿತ್ತು, ವರ್ಡ್ಸ್‌ವರ್ತ್‌ಗಿಂತ ಮೊದಲೇ. ಆರು ಗಂಡಸರ ಹೆಸರಷ್ಟೇ ಇರುವ ಪಟ್ಟಿ ನಿಮ್ಮ ಕೈಗೆ ಬಂದರೆ ಅವಳನ್ನು ನೀವೇ ಸೇರಿಸಿ. ಕಾದಂಬರಿ ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’.

ಕೋಲ್ರಿಜ್‌ನ ‘ಎನ್‌ಶಿಯಂಟ್ ಮ್ಯಾರಿನರ್’ ಮತ್ತು ‘ಕುಬ್ಲಾ ಖಾನ್’ ರಜೆಯ ಓದಿಗೆ ಇರಲಿ.

ಮೂರನೆಯ ಹಂತ: ಕೈಯಲ್ಲಿ ಬರೆದು, ಬಾಯಲ್ಲಿ ಓದಿ

ಮೊದಲ ದಿನ ಅರ್ಥ ಹುಡುಕಬೇಡಿ. ಕವಿತೆಯನ್ನು ಸಾಲು ಬಿಟ್ಟು ನೋಟ್‌ಬುಕ್‌ನಲ್ಲಿ ಕೈಯಾರೆ ನಕಲು ಮಾಡಿ. ಬರೆಯುವಾಗ ವಾಕ್ಯ ಎಲ್ಲಿ ಮುಗಿಯುತ್ತದೆ, ಸಾಲು ಎಲ್ಲಿ ಮುಗಿಯುತ್ತದೆ ಎಂಬುದು ಕೈಗೆ ತಿಳಿಯುತ್ತದೆ. ಆಮೇಲೆ ಮೂರು ಬಾರಿ ಗಟ್ಟಿಯಾಗಿ ಓದಿ.

ಕನ್ನಡ ಕಿವಿಯವರಿಗೆ ಇಲ್ಲೊಂದು ತೊಡಕಿದೆ. ನಮ್ಮ ಛಂದಸ್ಸು ಲಘು ಗುರುಗಳನ್ನು, ಮಾತ್ರೆಗಳನ್ನು ಎಣಿಸುತ್ತದೆ. ಇಂಗ್ಲಿಷಿನದು ಒತ್ತನ್ನು ಎಣಿಸುತ್ತದೆ. ನಾವು ಎಲ್ಲ ಅಕ್ಷರಗಳಿಗೂ ಸಮನಾದ ತೂಕ ಕೊಟ್ಟು ಓದಿದರೆ ಆ ಲಯ ಕಾಣುವುದೇ ಇಲ್ಲ. ಡ್ಯಾಫೊಡಿಲ್ ಕವಿತೆಯ ಮೊದಲ ಸಾಲನ್ನು ಮೇಜಿನ ಮೇಲೆ ಬೆರಳಿನಿಂದ ತಟ್ಟಿ: ‘ಐ ವಾನ್‌ಡರ್ಡ್ ಲೋನ್‌ಲಿ ಆ್ಯಸ್ ಎ ಕ್ಲೌಡ್’. ವಾನ್, ಲೋನ್, ಆ್ಯಸ್, ಕ್ಲೌಡ್ ಎಂಬ ನಾಲ್ಕು ಕಡೆ ತಟ್ಟು ಬೀಳುತ್ತದೆ, ಪ್ರತಿ ತಟ್ಟಿಗೂ ಮೊದಲು ಒಂದು ಹಗುರ ಅಕ್ಷರ. ಇದಕ್ಕೆ ಐಯಾಂಬಿಕ್ ಟೆಟ್ರಾಮೀಟರ್ ಎಂದು ಹೆಸರು. ಹೆಸರು ನೆನಪಿಲ್ಲದಿದ್ದರೂ ನಷ್ಟವಿಲ್ಲ, ತಟ್ಟು ತಪ್ಪುವ ಜಾಗ ತಿಳಿಯದಿದ್ದರೆ ನಷ್ಟ. ಯಾವ ಸಾಲಿನಲ್ಲಿ ಲಯ ಮುರಿಯುತ್ತದೋ ಅದರ ಅಂಚಿನಲ್ಲಿ ಗುರುತು ಹಾಕಿ. ಮುಂದಿನ ಹಂತಕ್ಕೆ ಆ ಗುರುತು ಬೇಕಾಗುತ್ತದೆ.

ನಾಲ್ಕನೆಯ ಹಂತ: ಎರಡು ಪಾಠಗಳನ್ನು (ಒಂದೇ ಕವಿತೆಯ ಬೇರೆ ಬೇರೆ ರೂಪಗಳನ್ನು) ಅಕ್ಕಪಕ್ಕ ಇಡಿ

ಈ ಹಂತವನ್ನು ಒಂದು ಕವಿತೆಯ ಮೇಲೆ ಪೂರ್ತಿ ಮಾಡಿ ತೋರಿಸುತ್ತೇನೆ. ಡ್ಯಾಫೊಡಿಲ್ ಕವಿತೆಗೆ ಮೂರು ಕಾಗದಗಳು ಬೇಕು. ಮೊದಲನೆಯದು ವರ್ಡ್ಸ್‌ವರ್ತ್‌ನ ತಂಗಿ ಡೊರೊಥಿ 1802ರ ಏಪ್ರಿಲ್ 15ರಂದು ಬರೆದ ದಿನಚರಿ. ಎರಡನೆಯದು 1807ರಲ್ಲಿ ಅಚ್ಚಾದ ಕವಿತೆ. ಮೂರನೆಯದು 1815ರಲ್ಲಿ ತಿದ್ದಿ ಅಚ್ಚು ಮಾಡಿದ ಕವಿತೆ, ಪಠ್ಯಪುಸ್ತಕದಲ್ಲಿ ಇರುವುದು ಇದು. ಮೂರೂ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ.

ದಿನಚರಿಯನ್ನು ಮೊದಲು ಓದಿ. ಅಲ್ಸ್‌ವಾಟರ್ ಸರೋವರದ ಬಳಿ, ಗೌಬ್ಯಾರೊ ಪಾರ್ಕ್ ಆಚೆಗಿನ ಕಾಡಿನಲ್ಲಿ ಅಣ್ಣ ತಂಗಿ ನಡೆಯುತ್ತಿದ್ದಾರೆ. ಜೋರು ಗಾಳಿ. ನೀರಿನ ಅಂಚಿನಲ್ಲಿ ಮೊದಲು ಕೆಲವೇ ಹೂಗಳು ಕಾಣುತ್ತವೆ, ಮುಂದೆ ಹೋದಂತೆ ದಡದುದ್ದಕ್ಕೂ ಉದ್ದ ಪಟ್ಟಿಯಾಗಿ ಹಬ್ಬಿರುತ್ತವೆ. ಕೆಲವು ಹೂಗಳು ದಣಿದವರು ದಿಂಬಿಗೆ ಒರಗುವ ಹಾಗೆ ಪಾಚಿಗಟ್ಟಿದ ಕಲ್ಲುಗಳ ಮೇಲೆ ತಲೆ ಇಟ್ಟಿದ್ದವು, ಉಳಿದವು ತಲೆಯೆಸೆದು, ತೂರಾಡಿ, ಕುಣಿದು, ಸರೋವರದ ಗಾಳಿಯೊಂದಿಗೆ ನಿಜವಾಗಿ ನಗುವಂತೆ ಕಾಣುತ್ತಿದ್ದವು ಎಂದು ಡೊರೊಥಿ ಬರೆಯುತ್ತಾಳೆ. ಗದ್ಯವೇ ಎಷ್ಟು ಚೆನ್ನಾಗಿದೆ ನೋಡಿ. ದಣಿದ ಹೂವನ್ನು ಕಂಡದ್ದು ಅವಳು ಮಾತ್ರ, ಅಣ್ಣನ ಕವಿತೆಯಲ್ಲಿ ಒಂದು ಹೂವೂ ದಣಿದಿಲ್ಲ.

ಈಗ 1807ರ ಪಾಠ. ಮೂರೇ ಪದ್ಯ. ಮೊದಲ ಪದ್ಯದಲ್ಲಿ ಹೂಗಳಿಗೆ ‘ಡ್ಯಾನ್ಸಿಂಗ್’ ಎಂಬ ವಿಶೇಷಣ, ಒಂದು ಸಾಲು ಬಿಟ್ಟು ಮತ್ತೆ ‘ಟೆನ್ ಥೌಸಂಡ್ ಡ್ಯಾನ್ಸಿಂಗ್ ಇನ್ ದ ಬ್ರೀಜ್’. ಹೂಗಳ ಸಹವಾಸಕ್ಕೆ ‘ಲಾಫಿಂಗ್’, ಅಂದರೆ ನಗುವ, ಎಂಬ ಮಾತು. ತಂಗಿಯ ನಗು ಇಲ್ಲಿ ಹಾಗೆಯೇ ಇದೆ.

1815ರಲ್ಲಿ ಕವಿ ನಾಲ್ಕು ಮುಖ್ಯ ಬದಲಾವಣೆ ಮಾಡಿದ. ‘ಡ್ಯಾನ್ಸಿಂಗ್’ ಹೋಗಿ ‘ಗೋಲ್ಡನ್’ ಬಂತು. ‘ಟೆನ್ ಥೌಸಂಡ್’ ಸಾಲು ಹೋಗಿ ‘ಫ್ಲಟರಿಂಗ್ ಆ್ಯಂಡ್ ಡ್ಯಾನ್ಸಿಂಗ್’ ಬಂತು. ನಕ್ಷತ್ರಗಳಿಗೆ ಹೋಲಿಸುವ ಎರಡನೆಯ ಪದ್ಯವನ್ನು ಹೊಸದಾಗಿ ಸೇರಿಸಿದ. ‘ಲಾಫಿಂಗ್’ ಹೋಗಿ ‘ಜೋಕಂಡ್’, ಅಂದರೆ ಉಲ್ಲಾಸದ, ಎಂಬ ಪದ ಬಂತು.

ಪ್ರತಿ ಬದಲಾವಣೆಗೂ ಮೂರು ಪ್ರಶ್ನೆ ಕೇಳಿ: ಸದ್ದಿನಲ್ಲಿ ಏನಾಯಿತು, ಅರ್ಥದಲ್ಲಿ ಏನಾಯಿತು, ಕವಿತೆಯ ಬೇರೆ ಯಾವ ಪದದೊಂದಿಗೆ ಇದು ಈಗ ನಂಟು ಬೆಳೆಸಿತು?

‘ಗೋಲ್ಡನ್’ ತೆಗೆದುಕೊಳ್ಳಿ. ಹೂವಿನ ಬಣ್ಣ ಹೇಳಲು ಬಂದ ಸಾಮಾನ್ಯ ಪದದಂತೆ ಕಾಣುತ್ತದೆ. ಆದರೆ ಮೂರನೆಯ ಪದ್ಯದ ಕೊನೆಯಲ್ಲಿ, ಈ ನೋಟ ತನಗೆ ಎಂಥ ‘ವೆಲ್ತ್’ ತಂದಿತ್ತು ಎಂದು ಆಗ ಯೋಚಿಸಲಿಲ್ಲ ಎನ್ನುತ್ತಾನೆ ಕವಿ. 1807ರಲ್ಲಿ ಆ ಸಂಪತ್ತು ಒಂಟಿ ಪದ. 1815ರಲ್ಲಿ ಅದಕ್ಕೆ ಬಂಗಾರ ಜೊತೆಯಾಯಿತು. ಹೂವು ಈಗ ಕೂಡಿಟ್ಟುಕೊಳ್ಳುವ ವಸ್ತು, ಮುಂದೆ ಹಾಸಿಗೆಯ ಮೇಲೆ ಮಲಗಿದಾಗ ಮನಸ್ಸಿನ ಪೆಟ್ಟಿಗೆಯಿಂದ ತೆಗೆದು ನೋಡುವಂಥದ್ದು.

ಇನ್ನು ‘ಫ್ಲಟರಿಂಗ್’. ಹಳೆಯ ಸಾಲಿನಲ್ಲಿ ಹಗುರ ಅಕ್ಷರ ಮೊದಲು, ತಟ್ಟು ಆಮೇಲೆ, ಎಲ್ಲ ಸಾಲುಗಳ ಹಾಗೆ. ಹೊಸ ಸಾಲು ತಟ್ಟಿನಿಂದಲೇ ಶುರುವಾಗುತ್ತದೆ. ಓದುವ ನಾಲಿಗೆ ಒಂದು ಕ್ಷಣ ಎಡವುತ್ತದೆ, ಹೂವು ಗಾಳಿಗೆ ನಡುಗಿದ ಹಾಗೆ. ನೀವು ಮೂರನೆಯ ಹಂತದಲ್ಲಿ ಅಂಚಿಗೆ ಹಾಕಿದ ಗುರುತು ಇದೇ ಸಾಲಿನ ಪಕ್ಕದಲ್ಲಿ ಇದ್ದರೆ ನಿಮ್ಮ ಕಿವಿ ಸರಿಯಾಗಿದೆ.

ಮೂರನೆಯದು ನನಗೆ ಬಹಳ ಇಷ್ಟ. 1815ರ ನಾಲ್ಕು ಪದ್ಯಗಳಲ್ಲಿ ಕುಣಿತದ ಪದವನ್ನು ಎಣಿಸಿ. ಪ್ರತಿ ಪದ್ಯದಲ್ಲಿ ಒಂದೇ ಒಂದು ಬಾರಿ: ಮೊದಲು ‘ಡ್ಯಾನ್ಸಿಂಗ್’, ಆಮೇಲೆ ‘ಡ್ಯಾನ್ಸ್’, ಆಮೇಲೆ ‘ಡ್ಯಾನ್ಸ್ಡ್’, ಕೊನೆಗೆ ‘ಡ್ಯಾನ್ಸಸ್’. ಮೊದಲ ಮೂರರಲ್ಲಿ ಕುಣಿಯುವುದು ಹೂವು, ಅಲೆ. ಕೊನೆಯದರಲ್ಲಿ ಕುಣಿಯುವುದು ಕವಿಯ ಹೃದಯ, ಅದೂ ವರ್ತಮಾನ ಕಾಲದಲ್ಲಿ. ಹೊಸ ಪದ್ಯದಲ್ಲಿ ಹೂಗಳು ‘ಟಾಸಿಂಗ್ ದೇರ್ ಹೆಡ್ಸ್’ ಎಂದಾಗ ಡೊರೊಥಿಯ ದಿನಚರಿಯ ಪದ ಹದಿಮೂರು ವರ್ಷದ ನಂತರ ಮರಳಿ ಬಂದಿರುವುದನ್ನೂ ಗಮನಿಸಿ.

ಇನ್ನೊಂದು ಸಂಗತಿ. ಏಕಾಂತದ ಆನಂದವಾದ ಒಳಗಣ್ಣಿನ ಮೇಲೆ ಹೂಗಳು ಮಿಂಚುತ್ತವೆ ಎಂಬ ಪ್ರಸಿದ್ಧ ಎರಡು ಸಾಲುಗಳನ್ನು ಕೊಟ್ಟವಳು ತನ್ನ ಹೆಂಡತಿ ಮೇರಿ ಎಂದು ವರ್ಡ್ಸ್‌ವರ್ತ್ ಸ್ವತಃ ಹೇಳಿದ್ದಾನೆ. ತಂಗಿಯ ಕಣ್ಣು, ಹೆಂಡತಿಯ ಎರಡು ಸಾಲು, ಅವನ ಕಟ್ಟಡ. ಒಂಟಿತನದ ಕವಿತೆ ಮೂವರಿಂದ ಆದದ್ದು. ಇದನ್ನು ಕವಿಯನ್ನು ಹಿಡಿದುಹಾಕುವ ಸಾಕ್ಷಿಯಾಗಿ ಬಳಸಬೇಡಿ. ‘ಲೋನ್‌ಲಿ’ ಎಂಬುದು ಆ ದಿನದ ವರದಿಯಲ್ಲ, ಕವಿತೆಗೆ ಬೇಕಾಗಿ ಆರಿಸಿದ ಸ್ಥಿತಿ ಎಂದು ಹೇಳಲು ಬಳಸಿ.

ಐದನೆಯ ಹಂತ: ಒಂದು ಪದದ ಹಿಂದೆ ಇತಿಹಾಸಕ್ಕೆ ಹೋಗಿ

ಬ್ಲೇಕ್‌ನ ‘ಲಂಡನ್’ ಹದಿನಾರು ಸಾಲಿನ ಕವಿತೆ. ಅವನ ನೋಟ್‌ಬುಕ್ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದರಲ್ಲಿ ಮೊದಲ ಸಾಲು ‘ಡರ್ಟಿ’ ಬೀದಿ ಎಂದಿತ್ತು, ಎರಡನೆಯದು ‘ಡರ್ಟಿ’ ಥೇಮ್ಸ್ ಎಂದು. ಅಚ್ಚಿನಲ್ಲಿ ಎರಡೂ ‘ಚಾರ್ಟರ್ಡ್’ ಆದವು. ಕೊಳಕು ಬೀದಿ ಎಂದರೆ ಗುಡಿಸಿದರೆ ಮುಗಿಯಿತು. ಚಾರ್ಟರ್ಡ್ ಬೀದಿ ಎಂದರೆ ಬೇರೆ ಮಾತು. ಚಾರ್ಟರ್ ಎಂದರೆ ದೊರೆ ಕೊಡುವ ಸನ್ನದು, ಕೆಲವರಿಗೆ ಹಕ್ಕು ಬರೆದುಕೊಡುವ ಕಾಗದ. ಕೆಲವರಿಗೆ ಬರೆದುಕೊಟ್ಟ ಕೂಡಲೇ ಉಳಿದವರಿಗೆ ಬಾಗಿಲು ಮುಚ್ಚಿತು. ಸನ್ನದು ಹಕ್ಕು ಕೊಡುವುದಿಲ್ಲ, ಹಕ್ಕು ಕಸಿಯುತ್ತದೆ ಎಂದು ರಾಜಕೀಯ ಲೇಖಕ ಥಾಮಸ್ ಪೇನ್ 1792ರಲ್ಲಿ ವಾದಿಸಿದ್ದ. ಹರಿಯುವ ನದಿಯನ್ನೂ ಕಾಗದದಲ್ಲಿ ಕಟ್ಟಿಹಾಕಿದ್ದಾರೆ ಎಂಬ ಅಸಂಗತವನ್ನು ಬ್ಲೇಕ್ ಒಂದೇ ಪದದಲ್ಲಿ ಹಿಡಿದ.

ಈ ಪದವನ್ನು ನಮ್ಮ ಮಕ್ಕಳು ಬೇರೊಂದು ಪಾಠದಲ್ಲಿ ಆಗಲೇ ಓದಿರುತ್ತಾರೆ. ಈಸ್ಟ್ ಇಂಡಿಯಾ ಕಂಪನಿ ಸನ್ನದಿನ ಮೇಲೆ ನಿಂತ ಕಂಪನಿ. ಅದರ ಸನ್ನದು 1793ರಲ್ಲಿ ಇಪ್ಪತ್ತು ವರ್ಷಕ್ಕೆ ನವೀಕರಣವಾಯಿತು, ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪುವಿನ ಅರ್ಧ ರಾಜ್ಯ ಹೋದ ಮರುವರ್ಷ. ಬ್ಲೇಕ್‌ನ ಕವಿತೆ ಬಂದದ್ದು 1794ರಲ್ಲಿ. ಬ್ಲೇಕ್ ಮೈಸೂರನ್ನು ಮನಸ್ಸಿನಲ್ಲಿಟ್ಟು ಬರೆದ ಎಂದು ಹೇಳಬೇಡಿ, ಅದಕ್ಕೆ ಆಧಾರವಿಲ್ಲ. ಆ ವರ್ಷಗಳಲ್ಲಿ ಲಂಡನ್ನಿನ ಓದುಗರಿಗೆ ಚಾರ್ಟರ್ ಎಂಬ ಪದ ಧೂಳು ಹಿಡಿದ ಕಾನೂನು ಪದವಾಗಿರಲಿಲ್ಲ ಎಂದಷ್ಟೇ ಹೇಳಿ. ಪ್ರಬಂಧದಲ್ಲಿ ಇತಿಹಾಸವನ್ನು ಎಷ್ಟರಮಟ್ಟಿಗೆ ತರಬಹುದು ಎಂಬುದಕ್ಕೆ ಇದೇ ಅಳತೆ.

ನೋಟ್‌ಬುಕ್‌ನ ಇನ್ನೊಂದು ತಿದ್ದುಪಡಿ ಇನ್ನೂ ದೊಡ್ಡದು. ಎರಡನೆಯ ಪದ್ಯದ ಕೊನೆಗೆ ಮೊದಲು ‘ಜರ್ಮನ್ ಫೋರ್ಜ್ಡ್’ ಸಂಕೋಲೆ ಎಂದಿತ್ತು. ಜರ್ಮನ್ ಮೂಲದ ರಾಜಮನೆತನ, ಬಾಡಿಗೆ ಸೈನಿಕರು, ಇವರತ್ತ ಬೆರಳು. ಆಮೇಲೆ ಅದು ‘ಮೈಂಡ್ ಫೋರ್ಜ್ಡ್ ಮ್ಯಾನಕಲ್ಸ್’ ಆಯಿತು, ಮನಸ್ಸೇ ಬೆಸೆದ ಕೈಕೋಳ. ಬೆರಳು ಅರಮನೆಯಿಂದ ಒಳಕ್ಕೆ ತಿರುಗಿತು. ಯಾರ ಮನಸ್ಸು? ಆಳುವವರದ್ದೇ, ಆಳಿಸಿಕೊಳ್ಳುವವರದ್ದೇ? ಈ ಪ್ರಶ್ನೆಗೆ ಉತ್ತರ ಹುಡುಕುತ್ತಲೇ ಒಂದು ಇಡೀ ಪ್ರಬಂಧ ಬರೆಯಬಹುದು.

ಆ ಪದ್ಯ ‘ಹಿಯರ್’ ಎಂಬ ಪದಕ್ಕೆ ಮುಗಿಯುತ್ತದೆ. ಮುಂದಿನ ಪದ್ಯದ ನಾಲ್ಕು ಸಾಲುಗಳ ಮೊದಲ ಅಕ್ಷರಗಳನ್ನು ಮೇಲಿನಿಂದ ಕೆಳಗೆ ಓದಿ. ಎಚ್, ಇ, ಎ, ಆರ್. ಚಿಮಣಿ ಗುಡಿಸುವ ಮಗುವಿನ ಕೂಗನ್ನು ಕೇಳು ಎಂದು ಪುಟದ ಅಂಚು ಹೇಳುತ್ತಿದೆ. ಮೊದಲ ಬಾರಿ ಇದನ್ನು ಕಂಡಾಗ ನನಗೆ ಮೈ ಜುಮ್ಮೆಂದಿತ್ತು. ಬ್ಲೇಕ್ ತನ್ನ ಪುಟಗಳನ್ನು ತಾನೇ ತಾಮ್ರದ ತಗಡಿನ ಮೇಲೆ ಕೆತ್ತಿ, ಅಚ್ಚು ಹಾಕಿ, ಬಣ್ಣ ಹಚ್ಚುತ್ತಿದ್ದವನು. ವಿಲಿಯಂ ಬ್ಲೇಕ್ ಆರ್ಕೈವ್ ಎಂಬ ಉಚಿತ ಜಾಲತಾಣದಲ್ಲಿ ಈ ಪುಟದ ಹಲವು ಪ್ರತಿಗಳನ್ನು ಅಕ್ಕಪಕ್ಕ ಇಟ್ಟು ನೋಡಬಹುದು. ಬರೀ ಪಠ್ಯಪುಸ್ತಕದಿಂದ ಬ್ಲೇಕ್‌ನನ್ನು ಓದಿದರೆ ಅರ್ಧ ಬ್ಲೇಕ್ ಮಾತ್ರ ಸಿಕ್ಕ ಹಾಗೆ.

ಹೋಲಿಕೆಯ ಪ್ರಬಂಧ ಬೇಕಾದರೆ ‘ಲಂಡನ್’ ಮತ್ತು ಡ್ಯಾಫೊಡಿಲ್ ಕವಿತೆಗಳನ್ನು ಜೋಡಿಸಿ. ಎರಡೂ ‘ನಾನು’ ಎಂದು ಶುರುವಾಗುತ್ತವೆ, ಎರಡರಲ್ಲಿಯೂ ಮೊದಲ ಕ್ರಿಯಾಪದ ‘ವಾಂಡರ್’. ಒಬ್ಬ ಅಲೆದು ಹೂ ಕಂಡ, ಇನ್ನೊಬ್ಬ ಅಲೆದು ಪ್ರತಿ ಮುಖದಲ್ಲಿ ಸಂಕಟದ ಗುರುತು ಕಂಡ.

ಆರನೆಯ ಹಂತ: ಕವಿತೆಯಲ್ಲಿ ಇಲ್ಲದ್ದನ್ನು ಕೇಳಿ

‘ಟಿಂಟರ್ನ್ ಅ್ಯಬಿ’ಯ ಪೂರ್ಣ ಶೀರ್ಷಿಕೆ ಉದ್ದವಾದದ್ದು: ವೈ ನದಿಯ ದಡ, ಅ್ಯಬಿಯಿಂದ ಕೆಲವು ಮೈಲಿ ಮೇಲೆ, 1798ರ ಜುಲೈ 13. ಅ್ಯಬಿ ಎಂಬ ಪಾಳುಬಿದ್ದ ಆ ಮಠ ಕವಿತೆಯ ಒಳಗೆ ಎಲ್ಲಿಯೂ ಬರುವುದಿಲ್ಲ. ದಿನಾಂಕ ಪ್ಯಾರಿಸ್ಸಿನ ಬಾಸ್ಟೀಲ್ ಸೆರೆಮನೆ ಮುರಿದ ಜುಲೈ 14ರ ವಾರ್ಷಿಕ ದಿನದ ಮುನ್ನಾದಿನ, ಕ್ರಾಂತಿಯೂ ಹೆಸರಿಲ್ಲದೆ ಉಳಿದಿದೆ. ಆ ಕಾಲದಲ್ಲಿ ಮಠದ ಗೋಡೆಗಳ ನಡುವೆ ಬಡವರು ಬೀಡುಬಿಟ್ಟಿದ್ದರು, ಸುತ್ತ ಕಬ್ಬಿಣದ ಕೆಲಸ ನಡೆಯುತ್ತಿತ್ತು. 1980ರ ದಶಕದ ಕೆಲವು ವಿಮರ್ಶಕರು ಕವಿ ಇವನ್ನೆಲ್ಲ ಬೇಕೆಂದೇ ಮರೆಸಿದ ಎಂದು ವಾದಿಸಿದರು. ಕವಿತೆಯಲ್ಲಿ ಮನೆಯಿಲ್ಲದ ಕಾಡಿನ ಅಲೆಮಾರಿಗಳ ಬಗ್ಗೆ ಒಂದು ಸಾಲು ಇದೆಯಲ್ಲ ಎಂದು ಇತರರು ಉತ್ತರಿಸಿದರು. ನೀವು ಯಾವ ಕಡೆ ನಿಂತರೂ ಆ ಸಾಲನ್ನು ಎದುರಿಸಿಯೇ ಮುಂದೆ ಹೋಗಬೇಕು.

ಈ ಕವಿತೆಯ ಛಂದಸ್ಸು ಪ್ರಾಸವಿಲ್ಲದ ಐದು ತಟ್ಟಿನ ಸಾಲು. ನಮ್ಮ ಸರಳರಗಳೆಯನ್ನು ಗಟ್ಟಿಯಾಗಿ ಓದಿ ಅಭ್ಯಾಸವಿದ್ದವರಿಗೆ ವಾಕ್ಯ ಸಾಲನ್ನು ದಾಟಿ ಹರಿಯುವ ಆ ಓಟ ಬೇಗ ಹಿಡಿಸುತ್ತದೆ.

ಮುರಿದುಬಿದ್ದ ರಾಜಪ್ರತಿಮೆಯನ್ನು ಕುರಿತ ಶೆಲ್ಲಿಯ ‘ಓಝಿಮ್ಯಾಂಡಿಯಸ್’ ಬಗ್ಗೆ ಒಂದೇ ಮಾತು: ‘ಮಾಕ್ಡ್’ ಎಂಬ ಪದದ ಮೇಲೆ ನಿಲ್ಲಿ. ಅದಕ್ಕೆ ಅನುಕರಿಸು ಎಂದೂ ಅಣಕಿಸು ಎಂದೂ ಅರ್ಥ. ಶಿಲ್ಪಿಯ ಕೈ ಯಾವುದನ್ನು ಮಾಡಿತು ಎಂಬುದು ನಿಮ್ಮ ಪ್ರಬಂಧದ ವಿಷಯವಾಗಬಹುದು.

ಕೀಟ್ಸ್‌ನ ‘ಟು ಆಟಮ್’ ಹಾಗಲ್ಲ, ಅದಕ್ಕೆ ನಿಧಾನ ಬೇಕು. 1819ರ ಸೆಪ್ಟೆಂಬರ್ 19ರಂದು ವಿಂಚೆಸ್ಟರಿನಲ್ಲಿ ನಡೆದಾಡಿ ಬಂದು ಬರೆದದ್ದು. ಎರಡು ದಿನದ ನಂತರ ಗೆಳೆಯ ರೆನಲ್ಡ್ಸ್‌ಗೆ ಬರೆದ ಪತ್ರದಲ್ಲಿ, ಕೂಳೆಯ ಹೊಲ ಯಾಕೋ ಬೆಚ್ಚಗೆ ಕಾಣುತ್ತದೆ ಎನ್ನುತ್ತಾನೆ. ಕೊಯ್ಲು ಮುಗಿದ ಕೂಳೆ ಹೊಲವನ್ನು ನೋಡಿದವರಿಗೆ ಆ ಮಾತು ವಿವರಿಸಬೇಕಾಗಿಲ್ಲ. ಮೊದಲ ಪದ್ಯದಲ್ಲಿ ಮುಖ್ಯ ಕ್ರಿಯಾಪದ ಹುಡುಕಿ. ಸಿಗುವುದಿಲ್ಲ. ಹನ್ನೊಂದು ಸಾಲೂ ಋತುವನ್ನು ಕರೆಯುವ ಸಂಬೋಧನೆ, ಬಗ್ಗಿಸು, ತುಂಬು, ಉಬ್ಬಿಸು ಎಂಬ ಕೆಲಸಗಳೆಲ್ಲ ಮುಗಿಯದೆ ತೂಗುತ್ತವೆ. ಅದೇ ವರ್ಷದ ವಸಂತದಲ್ಲಿ ಬರೆದ ‘ನೈಟಿಂಗೇಲ್’ ಪ್ರಗಾಥದಲ್ಲಿ ಪದ್ಯಕ್ಕೆ ಹತ್ತು ಸಾಲು, ಇಲ್ಲಿ ಹನ್ನೊಂದು. ಆ ಒಂದು ಹೆಚ್ಚಿನ ಸಾಲು ಮುಗಿಯುವುದನ್ನು ಮುಂದಕ್ಕೆ ತಳ್ಳುತ್ತದೆ. ವೈದ್ಯಕೀಯ ಕಲಿತವನು, ತಮ್ಮ ಟಾಮ್ ಕ್ಷಯದಿಂದ ಸತ್ತದ್ದನ್ನು ಹತ್ತಿರದಿಂದ ಕಂಡವನು ಈ ಕವಿ. ಆದರೂ ಕವಿತೆಯಲ್ಲಿ ‘ನಾನು’ ಎಂಬ ಪದ ಒಂದು ಬಾರಿಯೂ ಇಲ್ಲ. ರೊಮ್ಯಾಂಟಿಕ್ ಎಂದರೆ ‘ನಾನು’ ಎಂಬ ಪಟ್ಟಿಯ ಮಾತಿಗೆ ಇದಕ್ಕಿಂತ ದೊಡ್ಡ ಉತ್ತರ ನನಗೆ ಗೊತ್ತಿಲ್ಲ.

ಏಳನೆಯ ಹಂತ: ಕಾದಂಬರಿಗೆ ನಕ್ಷೆ ಬರೆದುಕೊಳ್ಳಿ

‘ಫ್ರಾಂಕೆನ್‌ಸ್ಟೈನ್’ ಓದುವ ಮೊದಲು ನಿಮ್ಮ ಕೈಯಲ್ಲಿರುವ ಪುಸ್ತಕ 1818ರ ಪಾಠವೋ 1831ರದ್ದೋ ನೋಡಿ. ತರಗತಿಯ ಗೆಳೆಯರು ಬೇರೆ ಬೇರೆ ಪಾಠ ಓದಿ ಜಗಳವಾಡುವುದನ್ನು ಕಂಡಿದ್ದೇನೆ. 1818ರಲ್ಲಿ, ಕಥಾನಾಯಕ ವಿಕ್ಟರ್ ಫ್ರಾಂಕೆನ್‌ಸ್ಟೈನ್ ಮದುವೆಯಾಗುವ ಎಲಿಜಬೆತ್ ಅವನ ಅತ್ತೆಯ ಮಗಳು, 1831ರಲ್ಲಿ ಸಾಕಿಕೊಂಡ ಅನಾಥ ಮಗು. ಸಂಬಂಧಗಳ ಮೇಲೆ ನಿಂತ ಕಾದಂಬರಿಯಲ್ಲಿ ಇದು ಸಣ್ಣ ವ್ಯತ್ಯಾಸವಲ್ಲ. 1816ರ ಜಿನೀವಾದ ಬೇಸಿಗೆಯಲ್ಲಿ, ತಂಬೋರಾದ ಬೂದಿಯಿಂದ ಆಕಾಶ ಕವಿದ ವರ್ಷದಲ್ಲಿ, ಹದಿನೆಂಟರ ಮೇರಿ ಶೆಲ್ಲಿ ಶುರುಮಾಡಿದ ಕಥೆ ಇದು. ಮೊದಲು ಅಚ್ಚಾದಾಗ ಲೇಖಕಿಯ ಹೆಸರೇ ಇರಲಿಲ್ಲ.

ಹಾಳೆಯ ಮೇಲೆ ಮೂರು ಪೆಟ್ಟಿಗೆ ಬರೆಯಿರಿ, ಒಂದರೊಳಗೊಂದು. ಹೊರಗೆ ಹಡಗಿನ ಯಾತ್ರಿಕ ವಾಲ್ಟನ್ ಅಕ್ಕನಿಗೆ ಬರೆಯುವ ಪತ್ರ, ಅದರೊಳಗೆ ವಿಕ್ಟರ್ ಹೇಳುವ ಕಥೆ, ಅದರೊಳಗೆ ವಿಕ್ಟರ್ ಹುಟ್ಟಿಸಿದ ಜೀವಿ ಹೇಳುವ ಕಥೆ. ಪ್ರತಿ ಅಧ್ಯಾಯಕ್ಕೂ ಯಾರು ಯಾರಿಗೆ ಹೇಳುತ್ತಿದ್ದಾರೆ, ಕೇಳಿಸಿಕೊಳ್ಳುವವನಿಂದ ಏನು ಬಯಸುತ್ತಿದ್ದಾರೆ ಎಂದು ಒಂದು ಸಾಲು ಬರೆದುಕೊಳ್ಳಿ. ಜೀವಿಗೆ ಹೆಸರಿಲ್ಲ, ಅವನನ್ನು ‘ಮಾನ್‌ಸ್ಟರ್’ ಎಂದು ಬರೆಯುವುದು ವಿಕ್ಟರ್‌ನ ಪಕ್ಷ ಹಿಡಿದಂತೆ. ಪ್ರಬಂಧದಲ್ಲಿ ಯಾವ ಪದ ಬಳಸುತ್ತೀರಿ ಎಂಬುದನ್ನು ಮೊದಲೇ ನಿರ್ಧರಿಸಿ.

ಎಂಟನೆಯ ಹಂತ: ಪ್ರಬಂಧ

ಎಪಿ ಪರೀಕ್ಷೆಯಲ್ಲಿ ಎರಡು ಗಂಟೆಗೆ ಮೂರು ಪ್ರಬಂಧ: ಕವಿತೆ, ಗದ್ಯ, ನೀವೇ ಆರಿಸಿದ ಕೃತಿ. ಪ್ರತಿಯೊಂದಕ್ಕೂ ಆರು ಅಂಕ. ವಾದಕ್ಕೆ ಒಂದು, ಆಧಾರ ಮತ್ತು ವಿವರಣೆಗೆ ನಾಲ್ಕು, ಚಿಂತನೆಯ ಪ್ರೌಢಿಗೆ ಒಂದು. ಕವಿತೆ ನೀವು ಹಿಂದೆ ನೋಡಿರದ ಯಾವ ಕಾಲದ್ದೂ ಆಗಬಹುದು. ಹಾಗಾಗಿ ರೊಮ್ಯಾಂಟಿಕ್ ಲಕ್ಷಣಗಳ ಪಟ್ಟಿ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಪದದ ಮೇಲೆ ನಿಲ್ಲುವ ಅಭ್ಯಾಸ ಬರುತ್ತದೆ. ಹಸ್ತಪ್ರತಿ ಕೈಯಲ್ಲಿ ಇಲ್ಲದಾಗ ನೀವೇ ಒಂದನ್ನು ಕಲ್ಪಿಸಿಕೊಳ್ಳಿ: ಈ ಪದದ ಬದಲು ಇಲ್ಲಿ ಯಾವ ಸಾಧಾರಣ ಪದ ಬರಬಹುದಿತ್ತು? ಅದನ್ನು ಇಟ್ಟು ಓದಿ. ಏನು ಕಳೆಯಿತೋ ಅದೇ ನಿಮ್ಮ ವಿವರಣೆ.

ವಾದದ ವಾಕ್ಯಕ್ಕೆ ಎರಡು ಮಾದರಿ. ದುರ್ಬಲವಾದದ್ದು: ‘ವರ್ಡ್ಸ್‌ವರ್ತ್ ರೂಪಕ ಮತ್ತು ಪ್ರತಿಮೆಗಳ ಮೂಲಕ ನಿಸರ್ಗದ ಮಹತ್ವ ತೋರಿಸುತ್ತಾನೆ.’ ಗಟ್ಟಿಯಾದದ್ದು: ‘ಹೂವು ಕಂಡ ಕ್ಷಣದಲ್ಲಿ ಕವಿ ಏನನ್ನೂ ಯೋಚಿಸಲಿಲ್ಲ ಎಂದು ಒಪ್ಪಿಕೊಳ್ಳುವ ಈ ಕವಿತೆ, ಬಂಗಾರ ಮತ್ತು ಸಂಪತ್ತಿನ ಮಾತುಗಳಿಂದ, ನೋಟಕ್ಕಿಂತ ನೆನಪಿಗೆ ಹೆಚ್ಚು ಬೆಲೆ ಕಟ್ಟುತ್ತದೆ.’ ಎರಡನೆಯದನ್ನು ಒಬ್ಬರು ಅಲ್ಲಗಳೆಯಬಹುದು. ಅಲ್ಲಗಳೆಯಲು ಬಾರದ ವಾಕ್ಯ ವಾದವಲ್ಲ.

ಪ್ರೌಢಿಯ ಅಂಕ ದೊಡ್ಡ ಪದಗಳಿಗೆ ಬರುವುದಿಲ್ಲ, ಕವಿತೆಯೊಳಗಿನ ಎಳೆದಾಟವನ್ನು ಗುರುತಿಸಿದವರಿಗೆ ಬರುತ್ತದೆ. ‘ಲಿರಿಕಲ್ ಬ್ಯಾಲಡ್ಸ್’ ಎರಡನೆಯ ಆವೃತ್ತಿಯ ಮುನ್ನುಡಿಯೇ ಇದಕ್ಕೆ ಪಾಠ. ಕಾವ್ಯವೆಂದರೆ ಪ್ರಬಲ ಭಾವಗಳು ತಾವಾಗಿ ಉಕ್ಕುವುದು ಎಂಬ ಮಾತನ್ನು ಎಲ್ಲರೂ ಉದ್ಧರಿಸುತ್ತಾರೆ. ಅದೇ ವಾಕ್ಯದ ಮುಂದುವರಿಕೆಯಲ್ಲಿ, ದೀರ್ಘವಾಗಿ ಆಳವಾಗಿ ಯೋಚಿಸಿದವನಿಂದ ಮಾತ್ರ ಅದು ಸಾಧ್ಯ ಎಂದಿದೆ. ಮುಂದೆ, ಕಾವ್ಯದ ಮೂಲ ನೆಮ್ಮದಿಯಲ್ಲಿ ನೆನೆದುಕೊಂಡ ಭಾವ ಎಂದಿದೆ. ಉಕ್ಕುವುದಕ್ಕೂ ನೆನೆಯುವುದಕ್ಕೂ ನಡುವಿನ ಎಳೆದಾಟವನ್ನು ಬಿಟ್ಟು ಮೊದಲರ್ಧವನ್ನಷ್ಟೇ ಉದ್ಧರಿಸಬೇಡಿ.

ಅಭ್ಯಾಸಕ್ಕೆ ವಾರಕ್ಕೊಂದು ಪ್ರಬಂಧ, ನಲವತ್ತು ನಿಮಿಷ. ಹತ್ತು ನಿಮಿಷ ಓದಿ ಗುರುತು ಹಾಕಲು, ಇಪ್ಪತ್ತೈದು ಬರೆಯಲು, ಐದು ತಿದ್ದಲು. ತಿದ್ದುವಾಗ ಪ್ರತಿ ಉದ್ಧರಣೆಯ ನಂತರ ನಿಮ್ಮದೇ ಎರಡು ವಾಕ್ಯ ಇದೆಯೇ ನೋಡಿ.

ಒಂಬತ್ತನೆಯ ಹಂತ: ಕನ್ನಡಕ್ಕೆ ತಂದು ನೋಡಿ

ಮನೆಯಲ್ಲಿ ಕನ್ನಡ ಇರುವವರ ಕೈಯಲ್ಲಿ ತರಗತಿಯ ಬೇರೆಯವರಿಗೆ ಇಲ್ಲದ ಒಂದು ಸಾಧನವಿದೆ. ನಮ್ಮ ನವೋದಯವೇ ಈ ಕವಿಗಳನ್ನು ಅನುವಾದಿಸುತ್ತ ಬೆಳೆದದ್ದು. ಬಿ.ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ 1926ರಲ್ಲಿ ಬಂತು. ಅದರಲ್ಲಿ ಥಾಮಸ್ ಕ್ಯಾಂಪ್‌ಬೆಲ್‌ನ ‘ಲಾರ್ಡ್ ಅಲಿನ್ಸ್ ಡಾಟರ್’ ‘ಕಾರಿಹೆಗ್ಗಡೆಯ ಮಗಳು’ ಆಯಿತು, ಸ್ಕಾಟ್ಲೆಂಡಿನ ಬೆಟ್ಟದ ನಾಯಕ ‘ಪಡುವ ದಿಬ್ಬದ ಗೌಡ’ನಾದ. ಅಜ್ಜ ಅಜ್ಜಿಯರಿಗೆ ಇದು ಇಂದಿಗೂ ಬಾಯಿಪಾಠವಿರಬಹುದು, ಫೋನಿನಲ್ಲಿ ಹೇಳಿಸಿಕೊಳ್ಳಿ. ಮೂಲವನ್ನು ಪಕ್ಕದಲ್ಲಿಟ್ಟು ಏನು ಉಳಿಯಿತು, ಏನು ಊರು ಬದಲಿಸಿತು ಎಂದು ಪಟ್ಟಿ ಮಾಡಿ.

ಆಮೇಲೆ ನೀವೇ ಡ್ಯಾಫೊಡಿಲ್ ಕವಿತೆಯ ಮೊದಲ ಆರು ಸಾಲುಗಳನ್ನು ಕನ್ನಡಕ್ಕೆ ತನ್ನಿ. ಚೆನ್ನಾಗಿ ಬರಬೇಕಾಗಿಲ್ಲ. ‘ಲೋನ್‌ಲಿ’ಗೆ ಒಂಟಿ ಎನ್ನುತ್ತೀರೋ, ಏಕಾಕಿ ಎನ್ನುತ್ತೀರೋ, ಒಬ್ಬನೇ ಎನ್ನುತ್ತೀರೋ? ಒಂಟಿಯಲ್ಲಿ ನೋವಿದೆ, ಏಕಾಕಿಯಲ್ಲಿ ಗಾಂಭೀರ್ಯವಿದೆ, ಒಬ್ಬನೇ ಎಂಬುದರಲ್ಲಿ ಬರೀ ಲೆಕ್ಕವಿದೆ. ಮೋಡಕ್ಕೆ ಯಾವುದು ಹೊಂದುತ್ತದೆ? ಈ ಆಯ್ಕೆಗೆ ಕಾರಣ ಕೊಡುವಾಗ ಇಂಗ್ಲಿಷ್ ಪದದ ಬಗ್ಗೆಯೇ ನೀವು ಬರೆಯುತ್ತಿರುತ್ತೀರಿ.

ಕೊನೆಗೆ ಡೊರೊಥಿಯ ದಿನಚರಿಯ ವಾಕ್ಯವನ್ನೂ ಕನ್ನಡಕ್ಕೆ ತನ್ನಿ. ಅವಳ ಕರ್ತೃಪದ ‘ವಿ’, ಕವಿತೆಯದು ‘ಐ’. ಕನ್ನಡದಲ್ಲಿ ‘ನಾವು’, ‘ನಾನು’ ಎಂದು ಬರೆಯದೆ ಬಿಟ್ಟರೂ ಕ್ರಿಯಾಪದ ಬಿಡುವುದಿಲ್ಲ. ಅವಳದು ‘ಕಂಡೆವು’. ಅವನದು ‘ಕಂಡೆ’. ಎರಡನ್ನೂ ಒಂದರ ಕೆಳಗೊಂದು ಬರೆದು, ಕಳೆದುಹೋದ ‘ವು’ ಅಕ್ಷರಕ್ಕೆ ಸುತ್ತು ಹಾಕಿ, ನಿಮ್ಮ ಪ್ರಬಂಧವನ್ನು ಅಲ್ಲಿಂದ ಶುರುಮಾಡಿ.